ಬೇಸಿಗೆಗೆ ವಿನಾಯಿತಿ ಇಲ್ಲ

ನಮ್ಮೂರಿನ ಶಿಕ್ಷಣ ಕಾಲೇಜಿನಲ್ಲಿ ಎಂ.ಎಡ್. ಓದುವವರು ಒಂದು ಬೇಸಿಗೆ ಅವಧಿಗಾದರೂ ಹೆಸರು ಬರೆಸಿ ಹಾಜರಿರಬೇಕು. ಬೇರೆ ಊರುಗಳಲ್ಲಿ ಇದು ಅಂಥ ದೊಡ್ಡ ವಿಷಯವಲ್ಲದಿರಬಹುದು. ನಮ್ಮಲ್ಲಿ ಬೇಸಿಗೆಯಲ್ಲಿ ಮನುಷ್ಯರ ದನಿ ನಿಂತುಹೋಗುತ್ತದೆ. ಶಿವರಾತ್ರಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಒಂದು ದಿನ ತೆಂಕಣದಿಂದ ಒಣಗಾಳಿ ಬೀಸುತ್ತದೆ. ಮರುದಿನ ಎದ್ದು ಮಕ್ಕಳನ್ನು ಕೂಗೋಣವೆಂದು ಬಾಯಿ ತೆರೆದರೆ ಬರೀ ಉಸಿರು. ಮೊದಲ ಮಳೆ ಬಿದ್ದ ಮೇಲೆ ದನಿ ತಾನಾಗಿ ಮರಳುತ್ತದೆ. ಅಲ್ಲಿಯತನಕ ನಾಯಿ ಬೊಗಳುತ್ತದೆ, ಕಾಗೆ ಕೂಗುತ್ತದೆ, ಕುಕ್ಕರ್ ಸೀಟಿ ಹಾಕುತ್ತದೆ, ಮನುಷ್ಯರು ಮಾತ್ರ ತುಟಿಯಲ್ಲಿ ಮಾತಾಡಿಕೊಳ್ಳುತ್ತಾರೆ. ಇಲ್ಲೇ ಹುಟ್ಟಿ ಬೆಳೆದವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಸೊಪ್ಪಿನವಳು ತಕ್ಕಡಿಯ ತಟ್ಟೆ ಬಡಿಯುತ್ತಾ ಬೀದಿಯಲ್ಲಿ ಹೋಗುತ್ತಾಳೆ. ಹಿತ್ತಲಲ್ಲಿರುವವರನ್ನು ಊಟಕ್ಕೆ ಕರೆಯಲು ಅಡುಗೆಮನೆ ಬಾಗಿಲಲ್ಲಿ ಒಂದು ಹಳೆಯ ತಟ್ಟೆ ತೂಗುಹಾಕಿರುತ್ತೇವೆ. ಜಗಳಗಳನ್ನು ಗಾಳಿಗೆ ಮೊದಲೇ ಮುಗಿಸಿಕೊಳ್ಳುತ್ತೇವೆ, ಆಗದಿದ್ದರೆ ಮಳೆಗಾಲಕ್ಕೆ ಇಟ್ಟುಕೊಳ್ಳುತ್ತೇವೆ.

ನಾನು ಪ್ರಾಥಮಿಕ ಶಾಲೆಯಲ್ಲಿ ಟೀಚರು. ಕೆಲಸದಲ್ಲಿದ್ದುಕೊಂಡೇ ಎಂ.ಎಡ್.ಗೆ ಸೇರಿ, ಸಂಜೆಯ ತರಗತಿಗಳಿಗೆ ಹೋಗಿ, ಒಂದೊಂದೇ ಪತ್ರಿಕೆ ಮುಗಿಸುತ್ತಾ ಬಂದಿದ್ದೆ. ಮುಂದೆ ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ, ಪಾಠ ಹೇಳುವವರಿಗೇ ಪಾಠ ಹೇಳಬೇಕೆಂಬುದು ನನ್ನ ಬಹಳ ದಿನದ ಆಸೆ. ಉಳಿದದ್ದು ಬೇಸಿಗೆ ಅವಧಿಯ ಒಂದೇ ಪತ್ರಿಕೆ, ‘ದನಿಯಿಲ್ಲದ ಬೋಧನೆ’ ಎಂದು ಅದರ ಹೆಸರು. ಒಂದು ಬೇಸಿಗೆಯಲ್ಲಿ ನಾನು ಬಸುರಿ. ಮರು ಬೇಸಿಗೆಗೆ ಮಗಳು ಕುಮುದ ಸೊಂಟದ ಮೇಲೆ. ಅದರ ಮುಂದಿನ ಬೇಸಿಗೆ ಅವಳಿಗೆ ಓಡುವ ಹುಚ್ಚು, ಅವಳ ಹಿಂದೆ ಓಡುವುದೇ ನನಗೆ ಕೆಲಸ. ಹೀಗೆ ಮುಂದೂಡುತ್ತಾ ಗಡುವಿನ ಕೊನೆಯ ಬೇಸಿಗೆಗೆ ಬಂದು ನಿಂತಿದ್ದೆ. ಈ ಸಲವೂ ತಪ್ಪಿಸಿಕೊಂಡರೆ ಹೆಸರು ಹೊಡೆದುಹಾಕುತ್ತಾರೆ. ಓದಿದ್ದನ್ನೆಲ್ಲ ಮತ್ತೆ ಮೊದಲಿಂದ ಓದಬೇಕು.

ಆದರೆ ಆ ಬೇಸಿಗೆಯಲ್ಲೇ ನಾನು ಊರು ಬಿಡಬೇಕಾಗಿ ಬಂತು. ಕುಮುದಳಿಗೆ ಎರಡೂವರೆ ದಾಟಿದ್ದರೂ ಒಂದು ಮಾತು ಬಂದಿರಲಿಲ್ಲ. ಬಿದ್ದರೆ ಕಿರುಚಿ ಅಳುತ್ತಿದ್ದಳು, ಕಚಗುಳಿ ಇಟ್ಟರೆ ಕೇಕೆ ಹಾಕುತ್ತಿದ್ದಳು. ಕರೆದರೆ ತಿರುಗುತ್ತಿದ್ದಳು, ಲೋಟ ತಾ ಎಂದರೆ ಲೋಟವನ್ನೇ ತರುತ್ತಿದ್ದಳು. ಮಾತೊಂದೇ ಇಲ್ಲ. ಡಾಕ್ಟರು ಅವಳ ಕಿವಿ, ನಾಲಗೆ, ಗಂಟಲು ಎಲ್ಲ ನೋಡಿ, ಏನೂ ತೊಂದರೆ ಕಾಣದು ಎಂದರು. “ಗಾಳಿ ಬರೋದರೊಳಗೆ ಹೊಳೆ ಆಚೆ ಎಲ್ಲಾದರೂ ಕರ್ಕೊಂಡು ಹೋಗಮ್ಮ. ಹೆತ್ತವಳ ದನಿ ಬೆಳಗಿಂದ ಸಂಜೆವರೆಗೂ ಕಿವಿ ಮೇಲೆ ಬೀಳ್ತಾ ಇರಲಿ. ಈ ಬೇಸಿಗೇನೂ ಮೌನದಲ್ಲೇ ಕಳೆದುಬಿಟ್ರೆ, ಆಮೇಲೆ ಮಾತು ತರಿಸೋದು ಬಹಳ ಕಷ್ಟ,” ಎಂದರು.

ಹೊಳೆಯ ಆಚೆ, ಬಸ್ಸಿನಲ್ಲಿ ಅರ್ಧ ದಿನದ ದಾರಿಯಲ್ಲಿ, ನನ್ನ ಅಕ್ಕನ ಮನೆಯಿದೆ. ಅಲ್ಲಿ ವರ್ಷಪೂರ್ತಿ ಜನ ಮಾತಾಡುತ್ತಲೇ ಇರುತ್ತಾರೆ. ನಮ್ಮ ಅತ್ತೆ ರಂಗನಾಯಕಮ್ಮ ಆಗಲೇ ಚೀಲ ಕೆಳಗಿಳಿಸಿ ಧೂಳು ಕೊಡವತೊಡಗಿದರು. “ನಾನೇ ಕರ್ಕೊಂಡು ಹೋಗ್ತಿದ್ದೆ. ಆ ಡಾಕ್ಟ್ರು ನೋಡಿದ್ರೆ ನಿನ್ನ ದನಿನೇ ಆಗಬೇಕು ಅಂತಾನೆ. ನನ್ನ ದನಿಗೇನಾಗಿದೆ ಕೇಳು. ಇಲ್ಲಿ ಕೆಮ್ಮಿದ್ರೆ ಬೀದಿ ಕೊನೇಲಿ ಕೇಳ್ಸುತ್ತೆ,” ಎಂದರು.

ನಮ್ಮ ಯಜಮಾನರು ಕೇಶವಮೂರ್ತಿ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮ್ಯಾನು. ಅವರಿಗೆ ಯಾವುದಕ್ಕೂ ಒಂದು ತಂತಿ ಎಳೆದು ಸರಿಮಾಡುವ ಬುದ್ಧಿ. “ಊರು ಯಾಕೆ ಬಿಡಬೇಕು? ದಿನಾ ಸಾಯಂಕಾಲ ಮಗೂನ ಸೇತುವೆ ದಾಟಿಸ್ಕೊಂಡು ಹೋಗಿ ಮಾತಾಡ್ಸು, ಸಾಲದಾ?” ಎಂದರು. ಹೊಳೆಯ ಮೇಲಿನ ಸೇತುವೆಯ ನಡುಮಧ್ಯದಲ್ಲಿ ನಮ್ಮೂರಿನ ಮೌನ ಮುಗಿಯುತ್ತದೆ. ಆಚೆ ಕಾಲಿಟ್ಟರೆ ದನಿ ಬರುತ್ತದೆ, ಈಚೆ ಬಂದರೆ ನಿಲ್ಲುತ್ತದೆ. ಬೇಸಿಗೆಯಲ್ಲಿ ಫೋನು ಮಾಡುವವರು, ಹೆಣ್ಣು ಕೇಳುವವರು, ಮಳೆಗಾಲದವರೆಗೂ ಜಗಳ ತಡೆದುಕೊಳ್ಳಲಾಗದ ಗಂಡಹೆಂಡಿರು ಎಲ್ಲರೂ ಅಲ್ಲಿಗೇ ಹೋಗುವುದು. ಆದರೆ ದಿನಕ್ಕೊಂದು ಗಳಿಗೆಯ ಮಾತು ಸಾಲದೆಂದು ಡಾಕ್ಟರು ಆಗಲೇ ಹೇಳಿಬಿಟ್ಟಿದ್ದರು.

ದಾರಿ ತೋರಿಸಿದವಳು ಶಮೀಮ್. ನನ್ನ ಜೊತೆ ಸೇರಿ, ನನ್ನ ಹಾಗೆಯೇ ಬೇಸಿಗೆಯನ್ನು ಮುಂದೂಡುತ್ತಾ ಬಂದವಳು. “ನೀನು ಬೇಸಿಗೆ ಶಾಲೇಲಿ ಎಷ್ಟು ವರ್ಷ ಪಾಠ ಮಾಡಿದೀಯ. ಗೊತ್ತಿರೋದನ್ನೇ ಮತ್ತೆ ಯಾಕೆ ಕಲೀಬೇಕು? ವಿನಾಯಿತಿ ಕೇಳು ಕಣೇ,” ಎಂದಳು. ಅದು ನಿಜ. ಬಡ ಮಕ್ಕಳಿಗೆಂದು ನಡೆಸುವ ಬೇಸಿಗೆ ಶಾಲೆಯಲ್ಲಿ ಮದುವೆಗೆ ಮೊದಲಿನಿಂದಲೂ ನಾನು ತುಟಿಯಲ್ಲೇ ಪಾಠ ಹೇಳಿದವಳು. ಪತ್ರಿಕೆಯೇ ಇಲ್ಲವೆಂದಾದರೆ ಬೇಸಿಗೆಯಲ್ಲಿ ಕಾಲೇಜಿನಲ್ಲಿ ನನಗೇನು ಕೆಲಸ ಎಂದುಕೊಂಡು ಕಚೇರಿಗೆ ಹೋದೆ.

ಕಚೇರಿಯ ಸೂಪರಿಂಟೆಂಡೆಂಟ್ ಮರಿಸ್ವಾಮಿ ಕಾಲೇಜಿನ ನಿಯಮಗಳನ್ನೆಲ್ಲ ಬಾಯಲ್ಲೇ ಇಟ್ಟುಕೊಂಡವರು. ನನ್ನ ಮಾತನ್ನು ಕೊನೆಯವರೆಗೂ ಕೇಳಿ, ಕನ್ನಡಕ ತೆಗೆದು ಒರೆಸಿದರು. “ಪತ್ರಿಕೆಗೆ ವಿನಾಯಿತಿ ಸಿಗುತ್ತೆ ಮೇಡಂ. ಬೇಸಿಗೆಗೆ ಸಿಗಲ್ಲ.”

“ಇರೋದೇ ಒಂದು ಪತ್ರಿಕೆ ಸರ್. ಅದೇ ಬೇಡ ಅಂದ ಮೇಲೆ?”

“ಊಟಕ್ಕೆ ಕೂತವರು ಪಲ್ಯ ಬೇಡ ಅನ್ನಬಹುದು. ಹಾಗಂತ ಎಲೆ ಬಿಟ್ಟು ಏಳೋ ಹಾಗಿಲ್ಲವಲ್ಲ. ಪಲ್ಯ ಬಿಟ್ರೆ ಕೋಸಂಬರಿ ಹಾಕಿಸ್ಕೋಬೇಕು. ಅಷ್ಟೇ ಕ್ರೆಡಿಟ್ಟಿನ ಇನ್ನೊಂದು ಪತ್ರಿಕೆ, ಅದೂ ಬೇಸಿಗೇದೇ ಆಗಿರಬೇಕು.”

“ಮಗೂಗೆ ಮಾತು ಬಂದಿಲ್ಲ ಸರ್. ಊರು ಬಿಡಬೇಕು.”

ಅವರು ಕನ್ನಡಕ ಹಾಕಿಕೊಂಡರು. ಕೆಟ್ಟ ಮನುಷ್ಯರಲ್ಲ. “ನಮ್ಮ ತಂಗಿ ಮಗನಿಗೂ ತಡವಾಗೇ ಬಂತು,” ಎಂದರು. “ಒಂದು ಸಲ ಪ್ರಿನ್ಸಿಪಾಲರನ್ನ ನೋಡಿ. ಅವರು ಏನಾದ್ರೂ ಹೇಳಿದ್ರೆ ನಂದೇನೂ ಅಡ್ಡಿ ಇಲ್ಲ. ಆದ್ರೆ ಅವರೂ ಇದನ್ನೇ ಹೇಳ್ತಾರೆ.”

ಪ್ರಿನ್ಸಿಪಾಲ್ ಭಾಗೀರಥಿ ಮೇಡಂ ನನ್ನನ್ನು ಕೂರಿಸಿಕೊಂಡು, ಕಿಟಕಿಯ ಆಚೆ ನೋಡುತ್ತಾ ಮಾತಾಡಿದರು. ಅದು ಬಿಗುಮಾನವಲ್ಲ. ನಮ್ಮೂರಲ್ಲಿ ದನಿ ಇರುವ ಕಾಲದಲ್ಲಿ ಎದುರಿನವರ ಬಾಯಿ ನೋಡುವುದು ಮರ್ಯಾದೆಯಲ್ಲ. ಬೇಸಿಗೆಯಲ್ಲಿ ಒಬ್ಬರ ತುಟಿ ಒಬ್ಬರು ದಿಟ್ಟಿಸಿ ನೋಡಿ ಕಣ್ಣು ಸೋತಿರುತ್ತದೆ. ಮಳೆ ಬಿದ್ದ ಕೂಡಲೇ ಎಲ್ಲರೂ ಕಣ್ಣನ್ನು ನೆಲಕ್ಕೋ ಗೋಡೆಗೋ ಇಳಿಸಿ, ಬರೀ ಕಿವಿಯಿಂದ ಕೇಳಲು ತೊಡಗುತ್ತೇವೆ. ಮಳೆಗಾಲದಲ್ಲೂ ಬಾಯಿ ನೋಡುವವರನ್ನು ‘ಏನು, ನನ್ನ ಬಾಯಿಗೆ ಅನ್ನ ಅಂಟಿದೆಯಾ’ ಎಂದು ಗದರುತ್ತೇವೆ. ನಾನು ಕೂಡ ಮೇಡಂ ಅವರ ಮೇಜಿನ ಅಂಚನ್ನೇ ನೋಡುತ್ತಾ ಕೂತಿದ್ದೆ.

“ಭಾಗಾಕಾರ ಹೇಗೆ ಹೇಳ್ಕೊಡ್ತಿದ್ದೆ, ತೋರಿಸು,” ಎಂದರು. ನಾನು ಕೈಚೀಲದಿಂದ ಹುಣಸೆ ಬೀಜ ತೆಗೆದು ಮೇಜಿನ ಮೇಲೆ ಸುರಿದೆ. ಹಂಚಿ, ಉಳಿದದ್ದನ್ನು ಬೇರೆ ಇಟ್ಟು, ಉಳಿದ ಬೀಜವನ್ನು ಯಾರಿಗೆ ಕೊಡಬೇಕೆಂದು ಮಗುವಿನ ಹಾಗೆ ಮುಖ ಮಾಡಿ ಒಂದು ಮಾತೂ ಆಡದೆ ಪಾಠ ಮುಗಿಸಿದೆ. ಮೇಡಂ ನಕ್ಕರು. ಪತ್ರಿಕೆಗೆ ಅಲ್ಲೇ ವಿನಾಯಿತಿ ಆಯಿತು.

“ಬೇಸಿಗೆ ಹಾಜರಾತಿ ಮಾತ್ರ ನನ್ನ ಕೈಲಿಲ್ಲಮ್ಮ ಪದ್ಮಾಕ್ಷಿ. ನಿನಗೆ ಬಿಟ್ರೆ ನಾಳೆ ಎಲ್ಲರೂ ಹೊಳೆ ಆಚೆ ಹೋಗಿ ಕೂರ್ತಾರೆ. ಮೌನದಲ್ಲಿ ಒಂದು ಬೇಸಿಗೆ ಕಲೀದೆ ಇರೋರು ಈ ಊರಿನ ಮಕ್ಕಳಿಗೆ ಏನು ಕಲಿಸ್ತಾರೆ, ಹೇಳು,” ಎಂದರು. ಆಮೇಲೆ ದನಿ ತಗ್ಗಿಸಿ, “‘ಶಿಶು ಅವಲೋಕನ’ ತಗೋ. ಒಂದು ಮಗೂನ ಬೇಸಿಗೆಯಿಡೀ ನೋಡಿ ಬರೆಯೋದು. ಮಗು ಎಲ್ಲಿರುತ್ತೋ ಅಲ್ಲೇ ನಿನ್ನ ತರಗತಿ,” ಎಂದರು.

ನನ್ನ ಮುಖ ಅರಳಿರಬೇಕು. ಅವರು ಕೂಡಲೇ ಸೇರಿಸಿದರು, “ನಿನ್ನ ಮಗೂನ ನೀನೇ ನೋಡೋ ಹಾಗಿಲ್ಲ. ತಾಯಿಯ ಕಣ್ಣು ಸಾಕ್ಷಿಗೆ ಆಗಲ್ಲ ಅಂತ ನಿಯಮ.”

ಶಮೀಮ್ ಕೂಡ ಅದೇ ಪತ್ರಿಕೆಗೆ ಹೆಸರು ಕೊಟ್ಟಳು. ಅವಳ ಮಗಳು ರುಬೀನಾ ನಾಲ್ಕು ವರ್ಷದ ಮಾತುಗಾತಿ. ನನ್ನ ಮಗಳನ್ನು ಅವಳು ನೋಡುವುದು, ಅವಳ ಮಗಳನ್ನು ನಾನು ನೋಡುವುದು ಎಂದು ಒಪ್ಪಂದವಾಯಿತು. ಹಾಗೆ ಒಪ್ಪಿಕೊಂಡು ಮನೆಗೆ ಬಂದವಳಿಗೆ ಮನಸ್ಸು ನಿಲ್ಲಲಿಲ್ಲ. ರುಬೀನಾ ಈ ಊರಲ್ಲಿರುವಷ್ಟು ದಿನ ನಾನೂ, ನನ್ನ ಜೊತೆ ಕುಮುದಳೂ ಈ ಮೌನದಲ್ಲೇ ಇರಬೇಕು. ಕುಮುದ ಹೊಸ್ತಿಲ ಮೇಲೆ ಕೂತು ಅಕ್ಕಿಯನ್ನು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಸುರಿಯುತ್ತಿದ್ದಳು. ಬಾಗಿದ ಆ ನೆತ್ತಿಯನ್ನು ನೋಡುತ್ತಾ ಪಾತ್ರೆ ತೊಳೆದೆ, ಹಿಟ್ಟು ಕಲಸಿದೆ. ತಟ್ಟೆಯಲ್ಲಿ ಕೊನೆಯ ಚಪಾತಿ ಬೀಳುವಷ್ಟರಲ್ಲಿ ತೀರ್ಮಾನವಾಗಿತ್ತು. ಓದು ಬಿಡುವುದು, ಮಗುವನ್ನು ಕರೆದುಕೊಂಡು ಅಕ್ಕನ ಊರಿಗೆ ಹೋಗುವುದು.

ಅದನ್ನು ಹೇಳಿದಾಗ, ನಾಲ್ಕು ದಿನದಿಂದ ಚೀಲ ಕೊಡವುತ್ತಿದ್ದ ಅತ್ತೆಯೇ ಅದನ್ನು ಪಕ್ಕಕ್ಕಿಟ್ಟರು. “ಅಷ್ಟು ಓದಿದ್ದೆಲ್ಲ ಹೋಗುತ್ತಲ್ಲೇ,” ಎಂದರು.

“ಹೋಗ್ಲಿ ಬಿಡಿ ಅತ್ತೆ.”

“ಬಾಯಲ್ಲಿ ಹೋಗ್ಲಿ ಅಂತೀಯ. ಮುಖ ನೋಡ್ಕೊಂಡಿದೀಯಾ?”

ಹೆಸರು ಹಿಂದಕ್ಕೆ ಪಡೆಯುವುದಾದರೆ ಅವಧಿಯ ಮೊದಲ ದಿನವೇ ಖುದ್ದಾಗಿ ಬಂದು ಹೇಳಬೇಕೆಂಬುದು ಇನ್ನೊಂದು ನಿಯಮ. ಹೇಳದೆ ಹೋದವರನ್ನು ಮುಂದೆ ಸೇರಿಸಿಕೊಳ್ಳುವುದಿಲ್ಲ. ಮೊದಲ ದಿನವೆಂದರೆ ಗಾಳಿ ಬೀಸಿದ ಮರುದಿನ. ಗಾಳಿ ಆ ವಾರವೇ ಬಂತು. ಬೆಳಿಗ್ಗೆ ಎದ್ದು ಕುಮುದಳ ಹೆಸರು ಕರೆದೆ, ದನಿ ಬರಲಿಲ್ಲ. ಅವಳಿಗೆ ಬೆನ್ನ ಹಿಂದಿನಿಂದಲೇ ಬೇಗ ಬೇಗ ಜಡೆ ಹಾಕಿ, ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು, ಅವಳನ್ನು ಎತ್ತಿಕೊಂಡು ಹೊರಟೆ. ಕಾಲೇಜಿನಲ್ಲಿ ಹೇಳಿ ಮುಗಿಸಿ, ಮಧ್ಯಾಹ್ನದ ಬಸ್ಸು ಹತ್ತುವುದು ಎಂದು ಲೆಕ್ಕ. ಅತ್ತೆ ಬಾಗಿಲಲ್ಲಿ ನಿಂತು ತುಟಿಯಲ್ಲಿ ‘ಹುಷಾರು’ ಎಂದರು. ಬೀದಿಯಿಡೀ ಕೇಳುವ ಆ ದನಿಯಿಲ್ಲದೆ ಅವರು ಚಿಕ್ಕವರಾಗಿ ಕಂಡರು.

ಕಾಲೇಜಿನ ಜಗುಲಿಯಲ್ಲಿ ಮರಿಸ್ವಾಮಿಯವರ ಮುಂದೆ ಸಾಲು ನಿಂತಿತ್ತು. ಹಾಜರಿ ಹೇಳುವವರೂ ಹಿಂತೆಗೆಯುವವರೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ನಾನು ನನ್ನ ಸರದಿಗೆ ಕಾಯುತ್ತಿದ್ದಾಗ ಕುಮುದಳನ್ನು ಶಮೀಮ್ ಕೈಗೆ ಕೊಟ್ಟಿದ್ದೆ. ಅವಳು ಮಕ್ಕಳಿಬ್ಬರನ್ನೂ ಕಂಬದ ಬುಡದಲ್ಲಿ ಆಡಲು ಬಿಟ್ಟು, ತಾನು ಎದುರಿಗೆ ಕೂತುಕೊಂಡಳು. ನನ್ನ ಮುಂದೆ ಇನ್ನೊಬ್ಬರಷ್ಟೇ ಉಳಿದಿದ್ದರು. ಆಗ ಯಾರೋ ನನ್ನ ಸೆರಗು ಎಳೆದರು. ಶಮೀಮ್. ಅವಳ ತುಟಿ ಎಷ್ಟು ವೇಗವಾಗಿ ಆಡುತ್ತಿತ್ತೆಂದರೆ ನನಗೆ ಮೊದಲು ಏನೂ ತಿಳಿಯಲಿಲ್ಲ.

“ನಿಧಾನಕ್ಕೆ ಹೇಳೇ,” ಎಂದೆ, ತುಟಿಯಲ್ಲೇ.

“ನಿನ್ನ ಮಗಳು ಮಾತಾಡ್ತಿದಾಳೆ.”

ನಾನು ಸಾಲು ಬಿಟ್ಟು ಹೋಗಿ ಮಂಡಿಯೂರಿ ಕುಳಿತೆ. ಕುಮುದಳ ಮರದ ಹಕ್ಕಿಯನ್ನು ರುಬೀನಾ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದಳು. ಕುಮುದ ಅವಳ ಮುಖದೆದುರು ಮುಖ ಇಟ್ಟಿದ್ದಳು. ಚಿಕ್ಕ ತುಟಿಗಳು ದುಂಡಗಾಗುತ್ತಿದ್ದವು, ಅಗಲವಾಗುತ್ತಿದ್ದವು, ಮುಚ್ಚಿಕೊಳ್ಳುತ್ತಿದ್ದವು. ‘ಅದು ನಂದು. ಕೊಡೇ. ಅಪ್ಪ ತಂದಿದ್ದು.’ ನನ್ನನ್ನು ಕಂಡವಳೇ ಇತ್ತ ತಿರುಗಿದಳು. ‘ಅಮ್ಮ, ಇವ್ಳು ಕೊಡಲ್ಲ ನೋಡು.’

ಅಷ್ಟು ಸ್ಪಷ್ಟವಾಗಿತ್ತು. ನಮ್ಮೂರಿನ ದೊಡ್ಡವರು ಕೂಡ ಅಷ್ಟು ಚೆಂದವಾಗಿ ತುಟಿ ಆಡಿಸುವುದಿಲ್ಲ. ಹಿಂದಿನ ಬೇಸಿಗೆಯಲ್ಲಿ, ಅವಳು ಮಾತು ಕಲಿಯುವ ವಯಸ್ಸಿನಲ್ಲಿ, ನಾನು, ಅವರಪ್ಪ, ಅತ್ತೆ ಮೂವರೂ ಅವಳ ಮುಖದ ಮುಂದೆ ತುಟಿ ಆಡಿಸಿ ಆಡಿಸಿ ಎಲ್ಲವನ್ನೂ ಹೇಳಿಕೊಟ್ಟಿದ್ದೆವು. ಮಾತೆಂದರೆ ಇದೇ ಎಂದು ಅವಳು ಕಲಿತಳು. ಆಮೇಲೆ ಮಳೆ ಬಿತ್ತು. ನಾವೆಲ್ಲ ಮರ್ಯಾದೆಯಿಂದ ಕಣ್ಣು ಇಳಿಸಿದೆವು, ಕಿವಿಗೊಟ್ಟು ಕಾದೆವು. ಅವಳು ನಮ್ಮ ಕಾಲ ಬಳಿ ನಿಂತು ಅಷ್ಟು ತಿಂಗಳೂ ದನಿ ಸೇರಿಸದೆ ಬರೀ ತುಟಿಯಲ್ಲಿ ಮಾತಾಡುತ್ತಲೇ ಇದ್ದಿರಬೇಕು. ಅನ್ನ ಬೇಕು, ಅಮ್ಮ ಇಲ್ಲಿ ಬಾ, ನಿದ್ದೆ ಬಂತು. ಯಾರೂ ನೋಡಲಿಲ್ಲ. ಡಾಕ್ಟರೂ ನಮ್ಮೂರಿನವರೇ. ಅವಳ ಬಾಯಿ ತೆರೆಸಿ ಒಳಗಿನ ನಾಲಗೆ ನೋಡಿದರು, ತುಟಿ ನೋಡಲಿಲ್ಲ. ಅವಳನ್ನು ಎದೆಗೆ ಒತ್ತಿಕೊಂಡೆ. ಮುಖ ಕಾಣದೆ ಹೋದರೆ ಮಾತು ಕಾಣುವುದಿಲ್ಲವೆಂದು ಕೂಡಲೇ ಬಿಟ್ಟೆ.

“ಒಂದು ಬೇಸಿಗೆಯ ಪತ್ರಿಕೆ ಒಂದು ಗಳಿಗೇಲಿ ಮುಗೀತಲ್ಲೇ ನಂದು,” ಎಂದಳು ಶಮೀಮ್. ಅವಳ ಕಣ್ಣು ಒದ್ದೆಯಾಗಿತ್ತು.

ಅಷ್ಟರಲ್ಲಿ ಮರಿಸ್ವಾಮಿ ಎದ್ದು ಬಂದಿದ್ದರು. “ನೀವು ಯಾವುದು ಮೇಡಂ? ಹಾಜರಿನಾ, ಹಿಂತೆಗೆಯೋದಾ? ಗಂಟೆ ಹೊಡೆಯೋದರೊಳಗೆ ಹೇಳ್ಬೇಕು.”

ಏನು ಹೇಳಲಿ? ತುಟಿ ಬಂತು, ಸರಿ. ದನಿ ಸೇರುತ್ತದೆಯೋ ಇಲ್ಲವೋ ಯಾರಿಗೆ ಗೊತ್ತು? ಸೇರದಿದ್ದರೆ ಇವತ್ತೇ ಬಸ್ಸು ಹತ್ತಬೇಕು, ಅಕ್ಕನ ಮನೆಯಲ್ಲಿ ಮೊದಲಿಂದ ಶುರುಮಾಡಬೇಕು. ಸೇತುವೆಗೆ ಹೋಗಿ ನೋಡಿದರೆ ತಿಳಿಯುತ್ತಿತ್ತು. ಆದರೆ ಮೊದಲ ದಿನ ಗಂಟೆಗೆ ಮೊದಲು ತರಗತಿ ಬಿಟ್ಟವರು ಗೈರುಹಾಜರು. ನಾನು ಅದನ್ನೇ ಯೋಚಿಸುತ್ತಾ ನಿಂತಿದ್ದಾಗ ಶಮೀಮ್ ಕುಮುದಳನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು.

“ಮಗು ಎಲ್ಲಿರುತ್ತೋ ಅಲ್ಲೇ ನನ್ನ ತರಗತಿ ತಾನೇ ಸರ್? ಈ ಮಗು ಸೇತುವೆಗೆ ಹೋಗ್ತಿದೆ.” ಮೆಟ್ಟಿಲಿಳಿದು ನಡೆದೇಬಿಟ್ಟಳು. ಅಮ್ಮ ಹೊರಟಿದ್ದನ್ನು ಕಂಡು ರುಬೀನಾ ಹಕ್ಕಿ ಹಿಡಿದುಕೊಂಡೇ ಹಿಂದೆ ಓಡಿದಳು. ರುಬೀನಾ ನಾನು ನೋಡಬೇಕಾದ ಮಗು. ಅವಳ ಹಿಂದೆ ನಾನು.

ಮರಿಸ್ವಾಮಿ ಜಗುಲಿಯ ಮೇಲೆ ನಿಂತು, ಭಾಗೀರಥಿ ಮೇಡಂ ಅವರ ಕಿಟಕಿಯ ಕಡೆಗೊಮ್ಮೆ ನೋಡಿದರು. ಮೇಡಂ ಅಲ್ಲಿಂದಲೇ ಎಲ್ಲ ಕಂಡಿದ್ದರು. ಅವರ ತುಟಿ ದೂರಕ್ಕೂ ಸ್ಪಷ್ಟವಾಗಿ ಕಂಡಿತು. “ನಿಯಮ ಸರಿಯಾಗೇ ಇದೆ ಮರಿಸ್ವಾಮಿ. ತರಗತಿ ಎಲ್ಲಿದೆಯೋ ಅಲ್ಲಿಗೆ ಹೋಗಿ ಹಾಜರಿ ತಗೊಳ್ಳಿ.” ಪಾಪ, ಅವರು ಗಂಟೆಯನ್ನೂ ಕೊಡೆಯನ್ನೂ ಹಿಡಿದುಕೊಂಡು ಬಿಸಿಲಲ್ಲಿ ನಮ್ಮ ಹಿಂದೆ ಬಂದರು.

ಸೇತುವೆಯ ಮೇಲೆ ಶಮೀಮ್ ನನಗಿಂತ ಸ್ವಲ್ಪ ಮುಂದೆ ನಡೆಯುತ್ತಿದ್ದಳು. ಕುಮುದ ಅವಳ ಹೆಗಲ ಮೇಲಿಂದ ನನ್ನ ಕಡೆಗೇ ಮುಖ ಮಾಡಿ ಹೇಳುತ್ತಲೇ ಇದ್ದಳು. ನೀರು ನೋಡು, ಬಿಸಿಲು, ಹಕ್ಕಿ ಕೊಡಿಸು. ಅಷ್ಟು ತಿಂಗಳು ಯಾರೂ ಕೇಳದೆ ಬಿಟ್ಟದ್ದನ್ನೆಲ್ಲ ಒಟ್ಟಿಗೆ ಹೇಳಿ ಮುಗಿಸುವವಳ ಹಾಗೆ. ಶಮೀಮ್ ನಡುಮಧ್ಯ ದಾಟಿದಳು. ಆಗ ಆ ಮಾತಿನ ಭರದಲ್ಲಿ ಒಂದು ದನಿ ಹೊರಬಿತ್ತು, ತೆಳ್ಳಗೆ, ಸ್ವಲ್ಪ ಒಡಕಾಗಿ. ಕುಮುದ ಬೆಚ್ಚಿಬಿದ್ದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ತನ್ನ ಬಾಯಿಂದ ಬಂದದ್ದೆಂದು ಅವಳಿಗೆ ಗೊತ್ತಾಗಿತ್ತು, ಅದು ಹಿಡಿಸಿರಲಿಲ್ಲ.

“ಏನಮ್ಮ ಅದು? ಇನ್ನೊಂದ್ಸಲ ಹೇಳು ನನ್ನ ಬಂಗಾರ,” ಎಂದಳು ಶಮೀಮ್, ದನಿಯೆತ್ತಿ. ಕುಮುದ ತಲೆಯಾಡಿಸಿದಳು. ಕೈ ತೆಗೆಯಲಿಲ್ಲ. ರುಬೀನಾ ಆಚೆ ಓಡಿಹೋಗಿ, “ಮಾತಾಡೇ, ಹಕ್ಕಿ ಕೊಡ್ತೀನಿ,” ಎಂದು ಕೂಗಿದಳು. ಅದಕ್ಕೂ ಇಲ್ಲ. ಶಮೀಮ್ ನನಗೆ ಬೇಗ ಬಾ ಎಂದು ಕೈ ಬೀಸಿದಳು. ಇನ್ನು ನಾಲ್ಕು ಹೆಜ್ಜೆ ಇಟ್ಟರೆ ನನಗೂ ದನಿ ಬರುತ್ತಿತ್ತು. ಡಾಕ್ಟರು ಹೇಳಿದ ಹೆತ್ತವಳ ದನಿ. ನಾನು ಹೋಗಲಿಲ್ಲ. ಮೌನದ ಈಚೆಯೇ ನಿಂತು, ಅವಳ ಕಣ್ಣಿಗೆ ಕಣ್ಣು ಕೊಟ್ಟು, ಅವಳಿಗೆ ಗೊತ್ತಿರುವ ಹಾಗೆ ಬರೀ ತುಟಿಯಲ್ಲಿ ಕೇಳಿದೆ.

“ಏನು ಬೇಕು ಮಗಳೇ?”

ಅವಳು ನನ್ನ ತುಟಿಯನ್ನೇ ನೋಡಿದಳು. ಒಂದು ಕೈ ತೆಗೆದಳು, ಆಮೇಲೆ ಇನ್ನೊಂದನ್ನೂ ತೆಗೆದಳು.

“ಕೆಳಗಿಳ್ಸು ಅನ್ನು,” ಎಂದಳು ದನಿಯಲ್ಲಿ. ಶಮೀಮ್‌ಗೆ ಹೇಳೆಂದು ನನಗೆ ಹೇಳಿದ್ದು.

ನನ್ನ ಹಿಂದೆ ಮರಿಸ್ವಾಮಿ ಗಂಟೆ ಹೊಡೆದರು. ಹಾಜರಿನಾ, ಹಿಂತೆಗೆಯೋದಾ ಎಂದು ಮತ್ತೆ ಕೇಳಲು ನನ್ನ ಮುಂದೆ ಬಂದು ನಿಂತರು. ನಾನು ಬಲಗೈ ಎತ್ತಿದೆ. ನಮ್ಮಲ್ಲಿ ಬೇಸಿಗೆಯಲ್ಲಿ ಹಾಜರಿ ಹೇಳುವುದು ಹಾಗೆಯೇ. ಅಷ್ಟರಲ್ಲಿ ಶಮೀಮ್ ಅವಳನ್ನು ಕೆಳಗಿಳಿಸಿದ್ದಳು. ಕುಮುದ ರುಬೀನಾಳ ಕೈಯಿಂದ ಹಕ್ಕಿಯನ್ನು ಕಿತ್ತುಕೊಂಡು, “ಇದು ನಂದು, ಅಪ್ಪ ತಂದಿದ್ದು, ನಿಂಗೆ ಕೊಡಲ್ಲ, ಅಮ್ಮಂಗೆ ಕೊಡ್ತೀನಿ,” ಎನ್ನುತ್ತಾ ನನ್ನ ಕಡೆ ಓಡಿ ಬಂದಳು. ನಡುಮಧ್ಯ ದಾಟಿದ ಕೂಡಲೇ ಅವಳ ದನಿ ನಿಂತಿತು. ಮಾತು ನಿಲ್ಲಲಿಲ್ಲ.